ಪಟೇಲನ ಪತನಕ್ಕೆ ಅರ್ಧ ಗಂಟೆ

1956ರ ಜೂನ್ ತಿಂಗಳಲ್ಲಿ ಮಾರೇನಹಳ್ಳಿಯ ಯುವಕನೊಬ್ಬ ಇಂಟರ್‌ಮೀಡಿಯೆಟ್ ಪರೀಕ್ಷೆಯ ಕನ್ನಡ ವಿಷಯದಲ್ಲಿ ಮೂರನೆಯ ಸಲ ಫೇಲಾದ. ಇಂಗ್ಲಿಷಿನಲ್ಲಿ ಮೊದಲ ಸಲವೇ ಪಾಸಾಗಿದ್ದ.

ನಾನು ಆಗ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಕೆಲಸ ಸಂಜೆ ಶುರುವಾಗುತ್ತಿತ್ತು. ಬೆಳಗಿನ ಹೊತ್ತು, ರಾಜಾಜಿನಗರದಲ್ಲಿ ಸ್ನೇಹಿತನೊಬ್ಬ ನಡೆಸುತ್ತಿದ್ದ ಟ್ಯುಟೋರಿಯಲ್‌ನಲ್ಲಿ ಫೇಲಾದವರಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಟ್ಯುಟೋರಿಯಲ್ ಎಂದರೆ ಇನ್ನೂ ಗಾರೆ ಕಾಣದ ಹೊಸ ಮನೆಯೊಂದರ ಹಜಾರ. ಬಡಾವಣೆಯಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಾಗಿದ್ದ ಕಾಲ. ಕಿಟಕಿಗಳಿಗೆ ಬಾಗಿಲು ಬಂದಿರಲಿಲ್ಲವಾದ್ದರಿಂದ ಆಡುಗಳು ತಲೆ ತೂರಿಸಿ ಪಾಠ ಕೇಳುತ್ತಿದ್ದವು. ಅವುಗಳ ಹಾಜರಿ ಹುಡುಗರ ಹಾಜರಿಗಿಂತ ಚೆನ್ನಾಗಿತ್ತು.

ಮಾರೇನಹಳ್ಳಿಯವನು ಒಕ್ಕಲು ಮನೆಯ ಹಿರಿಯ ಮಗ. ದಟ್ಟ ಮೀಸೆ, ಒಳ್ಳೆಯ ಕಂಠ. ಅವನ ಸೋದರಮಾವ ಕೆಂಗೇರಿಯಲ್ಲಿ ಹೆಡ್‌ಮಾಸ್ಟರು. ಮಾವನ ಮಗಳನ್ನು ಇವನಿಗೆ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ತೊಟ್ಟಿಲಿನವಳು ಬೆಳೆದು, ಇಂಟರ್ ಮುಗಿಸಿ, ಬಿ.ಎ. ಸೇರಿದಳು. ಇವನು ಇದ್ದಲ್ಲೇ ಇದ್ದ. ಹೆಡ್‌ಮಾಸ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: ಸೆಪ್ಟೆಂಬರ್ ಪರೀಕ್ಷೆಯಲ್ಲಿ ಪಾಸಾದರೆ ಮಗಳನ್ನು ಕೊಡುತ್ತೇನೆ, ಇಲ್ಲವಾದರೆ ತುಮಕೂರಿನ ಕಡೆಯಿಂದ ಒಬ್ಬ ಓವರ್‌ಸಿಯರ್ ಕೇಳಿಕೊಂಡು ಬಂದಿದ್ದಾನೆ.

“ಕನ್ನಡದಲ್ಲಿ ಫೇಲಾಗೋಕೂ ಯೋಗ ಬೇಕು ಕಣಯ್ಯ,” ಎಂದು ಪಕ್ಕದ ಬೆಂಚಿನವನು ಅವನನ್ನು ಚುಚ್ಚುತ್ತಿದ್ದ.

“ನಗು, ನಗು. ನಿಂಗೇನು, ನಿನ್ನ ಮಾವನ ಮಗಳ ಹಿಂದೆ ಓವರ್‌ಸಿಯರ್ ಬಿದ್ದಿಲ್ಲ,” ಎಂದು ಇವನು.

ಅವನ ಕಾಯಿಲೆ ಸರಳವಾಗಿತ್ತು. ಪಠ್ಯವಾಗಿದ್ದ ಕಾದಂಬರಿಯ ಮೇಲೆ ಒಂದು ದೊಡ್ಡ ಪ್ರಶ್ನೆ. ಅದಕ್ಕೆ ಅರ್ಧ ಗಂಟೆಯಲ್ಲಿ ಪ್ರಬಂಧದಂತೆ ಉತ್ತರ ಬರೆಯಬೇಕು. ಕಾದಂಬರಿಯ ನಾಯಕ ಒಬ್ಬ ಪಟೇಲ. ಊರಿನವರ ಮೇಲಿನ ಹಠಕ್ಕೆ ತನ್ನ ಬಾವಿಗೆ ಬೀಗ ಹಾಕಿಸುತ್ತಾನೆ. ಕಡೆಗೆ ಅವನ ಮನೆಗೇ ಬೆಂಕಿ ಬಿದ್ದಾಗ, ಬೀಗ ಒಡೆಯುವಷ್ಟರಲ್ಲಿ ಮನೆ ಬೂದಿಯಾಗುತ್ತದೆ. ಪ್ರಶ್ನೆ ಯಾವುದೇ ಇರಲಿ, ನಮ್ಮವನು ಪಟೇಲನ ಅಜ್ಜ ಬಾವಿ ತೋಡಿಸಿದಲ್ಲಿಂದ ಕಥೆ ಶುರು ಮಾಡುತ್ತಿದ್ದ. ನೀರು ಬಿದ್ದ ದಿನದ ಹೋಳಿಗೆ ಊಟವನ್ನೂ ಬಿಡುತ್ತಿರಲಿಲ್ಲ. ಅರ್ಧ ಗಂಟೆಗೆಂದು ಮೇಜಿನ ಮೇಲೆ ಇಟ್ಟ ಟೈಂಪೀಸ್ ಬಡಿದುಕೊಂಡಾಗ ಪಟೇಲನಿಗೆ ಇನ್ನೂ ಮದುವೆಯೇ ಆಗಿರುತ್ತಿರಲಿಲ್ಲ.

“ಪ್ರಶ್ನೆ ಏನು ಕೇಳಿದ್ದಾರೆ?” ಎಂದೆ ಒಮ್ಮೆ.

“ಪಟೇಲನ ಮನೆ ಸುಟ್ಟು ಬೂದಿಯಾಗಿದ್ದು ಯಾಕೆ ಅಂತ ಸಾರ್.”

“ಎಲ್ಲಿ ಬೆಂಕಿ?”

“ಬರ್ತಾ ಇತ್ತು ಸಾರ್. ನೀವೇ ಬೆಲ್ ಹೊಡೆಸ್ಬಿಟ್ರಿ.”

ನನಗೆ ಗೊತ್ತಿದ್ದ ವಿದ್ಯೆ ಒಂದೇ, ಪತ್ರಿಕೆಯದು. ಮುಖ್ಯವಾದದ್ದನ್ನು ಮೊದಲ ಸಾಲಿನಲ್ಲಿ ಹೇಳು, ಆಮೇಲೆ ಕಾರಣ, ಆಮೇಲೆ ವಿವರ. ಜಾಗ ಸಾಲದಿದ್ದರೆ ಬಾಲ ಕತ್ತರಿಸಿದರೂ ಸುದ್ದಿ ಸಾಯಬಾರದು. ಇದನ್ನೇ ಕಲಿಸಿದೆ. ಹುಡುಗರು ಬಹಳ ಬೇಗ ಕಲಿತರು. ಮುಂದಿನ ವಾರ ನನ್ನ ಮೇಜಿನ ಮೇಲೆ ಬಂದ ಉತ್ತರಗಳಲ್ಲಿ ಒಂದು ಹೀಗಿತ್ತು: “ಪಟೇಲರೊಬ್ಬರ ಮನೆ ಆಕಸ್ಮಿಕ ಬೆಂಕಿಗೆ ಆಹುತಿಯಾಗಿದೆ. ಬಾವಿಗೆ ಬೀಗ ಹಾಕಿದ್ದರಿಂದ ನೀರು ಸಿಗಲಿಲ್ಲವೆಂದು ತಿಳಿದುಬಂದಿದೆ. ನಷ್ಟದ ಅಂದಾಜು ಇನ್ನೂ ಸಿಕ್ಕಿಲ್ಲ.” ಇನ್ನೊಬ್ಬ, ಪಟೇಲನ ತಾಯಿ ಸಾಯುವ ಅಧ್ಯಾಯಕ್ಕೆ, “ಮೃತರು ಓರ್ವ ಪುತ್ರ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ” ಎಂದು ಸೇರಿಸಿದ್ದ. ಸ್ನೇಹಿತ ಆ ಹಾಳೆಗಳನ್ನು ನೋಡಿ, “ಇವರನ್ನ ಪರೀಕ್ಷೆಗೆ ಕಳಿಸ್ತಿದೀಯೋ, ಪೊಲೀಸ್ ಠಾಣೆಗೋ?” ಎಂದ.

ಮಾರೇನಹಳ್ಳಿಯವನು ಮಾತ್ರ ಸುದ್ದಿಯನ್ನೂ ಬರೆಯಲಿಲ್ಲ. ಮೊದಲ ಸಾಲಿನಲ್ಲಿ ಬೆಂಕಿ ಹಚ್ಚಿ, ಎರಡನೆಯ ಸಾಲಿನಲ್ಲಿ ಮತ್ತೆ ಅಜ್ಜನ ಹತ್ತಿರ ಹೋಗಿಬಿಡುತ್ತಿದ್ದ. ಕಾರಣ ಬರೆಯಯ್ಯಾ ಎಂದರೆ, “ಕಾರಣ ವಿಧಿ ಅಂತ ನೀವೇ ಹೇಳಿದ್ರಲ್ಲ ಸಾರ್, ಅದು ಅರ್ಧ ಸಾಲಿಗೇ ಮುಗಿದೋಗುತ್ತೆ. ಮಿಕ್ಕ ಹೊತ್ತು ಏನ್ ಮಾಡ್ಲಿ?” ಎನ್ನುತ್ತಿದ್ದ. ವಿಧಿ ಎಂದು ನಾನು ಹೇಳಿದ್ದು ನಿಜ. ಪೇಟೆಯ ಗೈಡಿನಲ್ಲಿ ಹಾಗೇ ಇತ್ತು.

ಆಗಸ್ಟ್ ತಿಂಗಳ ಒಂದು ಭಾನುವಾರ ಹೆಡ್‌ಮಾಸ್ಟರು ಅಳಿಯನಾಗಬೇಕಾದವನ ಪ್ರಗತಿಯನ್ನು ಖುದ್ದಾಗಿ ನೋಡಲು ಬಂದರು. ಪೇಟೆಯಲ್ಲಿ ಪುಸ್ತಕ ಕೊಳ್ಳಬೇಕೆಂದು ಮಗಳೂ ಜೊತೆಗಿದ್ದಳು. ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಬರೆಯುವ ಬದಲು ಬಾಯಲ್ಲೇ ಉತ್ತರ ಹೇಳು ಎಂದೆ. ಎದ್ದುನಿಂತ. ಅಜ್ಜ ಬಾವಿ ತೋಡಿಸತೊಡಗಿದ. ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಹೋಳಿಗೆಯವರೆಗೆ ಬಂದಾಗ ಹಿಂದಿನಿಂದ ಹುಡುಗಿಯ ಧ್ವನಿ ಕೇಳಿತು.

“ಬೆಂಕಿ ಬಿದ್ದಾಗ ಪಟೇಲನ ಹೆಂಡ್ತಿ ಎಲ್ಲಿದ್ಲು, ಭಾವ?”

ಅವನು ತಬ್ಬಿಬ್ಬಾದ. “ಅಂಗಳದಲ್ಲಿ. ಅಲ್ಲೇ ನಿಂತಿದ್ಲು.”

“ಬೀಗದ ಕೈ ಎಲ್ಲಿತ್ತು?”

ಅವನು ನನ್ನ ಮುಖ ನೋಡಿದ. ನಾನು ಪುಸ್ತಕ ತಿರುವಿದೆ. ಎರಡನೆಯ ಅಧ್ಯಾಯದಲ್ಲಿ ಆಕೆ ಮನೆಯ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಬಾವಿಯ ಬೀಗದ ಕೈಯೂ ಆಮೇಲೆ ಅದಕ್ಕೇ ಸೇರುತ್ತದೆ; ಆ ಗೊಂಚಲನ್ನು ತೆಗೆದಿಟ್ಟಳೆಂದು ಮುಂದೆ ಎಲ್ಲಿಯೂ ಇಲ್ಲ. ಕಾದಂಬರಿಯನ್ನು ಎರಡು ವರ್ಷ ಪಾಠ ಮಾಡಿದ್ದೆ. ಗೈಡು ಬರೆದವನೂ ಓದಿರಬೇಕು.

“ಅವಳ ಸೊಂಟದಲ್ಲೇ ಇತ್ತು,” ಎಂದ ಅವನು, ನಿಧಾನವಾಗಿ.

“ಮತ್ತೆ ಹಾರೆ ತಗೊಂಡು ಬೀಗ ಯಾಕೆ ಒಡೆದ?”

ಅವನು ಮೀಸೆ ತೀಡಿಕೊಂಡು ಯೋಚಿಸಿದ.

“ಅವಳನ್ನ ಕೇಳ್ಲಿಲ್ಲ. ಅವನು ಯಾವತ್ತೂ ಅವಳನ್ನ ಏನೂ ಕೇಳೇ ಇಲ್ಲ. ಬೀಗ ಹಾಕ್ಸುವಾಗಲೂ ಕೇಳ್ಲಿಲ್ಲ.”

“ಇದನ್ನ ಬರೀರಿ. ನಿಮ್ಮಜ್ಜನ ಕಥೆ ಅಲ್ಲ,” ಎಂದಳು.

“ಅದು ಪಟೇಲನ ಅಜ್ಜ...”

“ಯಾರ ಅಜ್ಜನಾದ್ರೂ ಅಷ್ಟೆ. ಅಂದ ಹಾಗೆ, ನೀವು ಕೇಳಿದ್ರಾ?”

“ಏನನ್ನ?”

“ನಂಗೆ ಈ ಮದುವೆ ಒಪ್ಪಿಗೇನಾ ಅಂತ. ನೀವೂ ಕೇಳ್ಲಿಲ್ಲ, ಓವರ್‌ಸಿಯರೂ ಕೇಳ್ಲಿಲ್ಲ. ಅಪ್ಪ ಅಂತೂ ಪರೀಕ್ಷೆ ಮೇಲೆ ಬಿಟ್ಟಿದಾರೆ.”

ಹೆಡ್‌ಮಾಸ್ಟರು ಕೆಮ್ಮಿ, ಗಾರೆಯಿಲ್ಲದ ಗೋಡೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದರು.

“ಪಾಸಾಗಿ ಕೇಳ್ತೀನಿ,” ಎಂದ ಅವನು. ಕಿವಿ ಕೆಂಪಾಗಿತ್ತು.

“ಕೇಳಿ. ಮೊದಲನೇ ಸಾಲಲ್ಲೇ ಕೇಳಿ.”

ಅವರು ಹೋದ ಮೇಲೆ ಟೈಂಪೀಸಿಗೆ ಕೀಲಿ ಕೊಟ್ಟು ಅದೇ ಪ್ರಶ್ನೆ ಕೊಟ್ಟೆ. ಬೆಲ್ಲಾಗುವ ಮೊದಲೇ ಮುಗಿಸಿದ. ಹೇಳಿದ ಪ್ರತಿ ಮಾತಿಗೂ ಕಾದಂಬರಿಯಿಂದ ಒಂದು ಸಂದರ್ಭ ತಂದಿದ್ದ. ಹೋಳಿಗೆ ಊಟವೂ ಇತ್ತು, ಆದರೆ ಒಂದೇ ಸಾಲಿನಲ್ಲಿ: ಅಡುಗೆ ಮಾಡಿದವರನ್ನು ಅಂದೂ ಯಾರೂ ಊಟಕ್ಕೆ ಕರೆದಿರಲಿಲ್ಲ ಎಂದು.

ಸೆಪ್ಟೆಂಬರ್ ಪರೀಕ್ಷೆಯಲ್ಲಿ ಬಂದ ಪ್ರಶ್ನೆ, ಪಟೇಲನ ಪತನದಲ್ಲಿ ವಿಧಿಯ ಪಾತ್ರವನ್ನು ವಿಮರ್ಶಿಸಿ ಎಂದು. ಪರೀಕ್ಷೆ ಮುಗಿಸಿ ನೇರ ಟ್ಯುಟೋರಿಯಲ್‌ಗೆ ಬಂದವನನ್ನು ಏನು ಬರೆದೆ ಎಂದು ಕೇಳಿದೆ.

“‘ಇದರಲ್ಲಿ ವಿಧಿಗೆ ಏನೂ ಕೆಲಸವಿಲ್ಲ’ ಅಂತ ಶುರು ಮಾಡ್ದೆ ಸಾರ್.”

“ಅಯ್ಯೋ. ಪೇಪರ್ ತಿದ್ದೋವ್ರೂ ಅದೇ ಗೈಡು ಓದಿರ್ತಾರೆ ಕಣಯ್ಯ.”

“ಓದಿದ್ರೆ ಓದ್ಲಿ ಬಿಡಿ ಸಾರ್. ಬೀಗದ ಕೈ ಸೊಂಟದಲ್ಲಿತ್ತಲ್ಲ.”

ಪಾಸಾದವರ ನಂಬರುಗಳು ಅಕ್ಟೋಬರ್ ಕೊನೆಯಲ್ಲಿ ನಮ್ಮ ಪತ್ರಿಕೆಯಲ್ಲೇ ಅಚ್ಚಾದವು. ಅವನ ನಂಬರು ಇತ್ತು. ಅಂದೇ ಅವನು ಬಸ್ಸಿನಲ್ಲಿ ಕೆಂಗೇರಿಗೆ ಹೋದ. ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದ ಹುಡುಗಿಯನ್ನು, ಕೂರುವುದಕ್ಕೂ ಮೊದಲು ಕೇಳಿದನಂತೆ. ಬಿ.ಎ. ಮುಗಿಯುವವರೆಗೆ ಕಾಯುವುದಾದರೆ ಒಪ್ಪಿಗೆ ಎಂದಳಂತೆ.

ಮದುವೆ 1958ರ ಮೇ ತಿಂಗಳಲ್ಲಿ ಕೆಂಗೇರಿಯಲ್ಲಿ ನಡೆಯಿತು.