ಹತ್ತೊಂಬತ್ತನೇ ತಿಂಗಳ ಜವಳ

ನನ್ನ ಸೊಸೆ ಇಂಪನಾಗೆ ಎಚ್‌ಐವಿ ಇದೆ. ಬಸುರಿಯಾದ ಮೂರನೇ ತಿಂಗಳ ರಕ್ತಪರೀಕ್ಷೆಯಲ್ಲಿ ತಿಳಿದದ್ದು. ಎಲ್ಲಿಂದ ಬಂತೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನನ್ನ ಮಗ ಹಾಲೇಶನಿಗೆ ಸೋಂಕಿಲ್ಲ; ಅವನಿಗೆ ವಿಷಯ ಅಂದೇ ಗೊತ್ತಾಗಿತ್ತು. ಅವಳು ತಪ್ಪದೆ ಮಾತ್ರೆ ನುಂಗಿದಳು, ಹುಟ್ಟಿದ ಕೂಸು ಶರಣ್ಯಾಗೂ ಆರು ವಾರ ಔಷಧಿ ಕುಡಿಸಿದಳು. ಆದರೂ ಮಗುವಿಗೆ ಇಲ್ಲವೆಂದು ಖಚಿತವಾಗಲು ಹದಿನೆಂಟು ತಿಂಗಳು ಕಾಯಬೇಕಿತ್ತು. ಇದೊಂದೂ ತಿಳಿಯದೆ ಅದೇ ಮನೆಯಲ್ಲಿ ಓಡಾಡಿಕೊಂಡಿದ್ದ ಜಾಣೆ ನಾನು.

ಭದ್ರಾವತಿಯಲ್ಲಿ ಇಪ್ಪತ್ತೆಂಟು ವರ್ಷ ಅಂಗನವಾಡಿ ನಡೆಸಿದವಳು. ತಾಯಂದಿರ ಸಭೆಯಲ್ಲಿ, ನಮ್ಮ ರಾಜ್ಯದ ಸಾವಿರ ಜನರಲ್ಲಿ ನಾಲ್ಕೈದು ಮಂದಿಗೆ ಇದೆ ಎಂದು ಗಂಟಲು ಹರಿದುಕೊಂಡವಳು. ಆ ನಾಲ್ಕೈದು ಮಂದಿ ಲಾರಿ ಓಡಿಸುವವರು, ಇನ್ಯಾರದೋ ಮನೆಯವರು ಎಂದುಕೊಂಡಿದ್ದೆ. ನಮ್ಮ ಮನೆಯನ್ನು ಆ ಸಾವಿರದಲ್ಲಿ ಸೇರಿಸಿಯೇ ಇರಲಿಲ್ಲ.

ಮಗುವಿನ ಮೊದಲ ಕೂದಲು ತೆಗೆಸುವುದು ನಮ್ಮಲ್ಲಿ ಬೆಸ ತಿಂಗಳಲ್ಲಿ. ಹನ್ನೊಂದಕ್ಕೆ ಜವಳದ ದಿನ ನೋಡಿದೆ, ಇಂಪನಾ ಬೇಡವೆಂದಳು. ಹದಿಮೂರು, ಹದಿನೈದು, ಹದಿನೇಳು, ಪ್ರತಿ ಸಲವೂ ಏನೋ ಒಂದು ನೆಪ.

"ಏನ್ ಮಾರಾಯ್ತಿ, ದೇವರಿಗೆ ಮುಡಿ ಕೊಡೋಕೂ ಜಿಪುಣತನವಾ?" ಎಂದು ನೆಂಟರ ಎದುರೇ ರೇಗಿದೆ. ಅವಳು ತಲೆ ತಗ್ಗಿಸಿ, ಕೂಸಿನ ಕಣ್ಣಿಗೆ ಬೀಳುತ್ತಿದ್ದ ಕೂದಲಿಗೆ ರಬ್ಬರ್ ಬ್ಯಾಂಡ್ ಹಾಕಿದಳು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ಫೆಬ್ರವರಿಯಲ್ಲಿ ಶಿವಮೊಗ್ಗದ ಆಸ್ಪತ್ರೆಯಿಂದ ಬಂದವಳೇ ರಿಪೋರ್ಟನ್ನು ನನ್ನ ಕೈಗಿಟ್ಟಳು. ಮಗುವಿಗೆ ಸೋಂಕಿಲ್ಲ. ಆಮೇಲೆ ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಜವಳ ಮುಂದೂಡುತ್ತಿದ್ದುದೂ ಇದಕ್ಕೇ ಎಂದಳು.

"ಅದಕ್ಕೂ ಜವಳಕ್ಕೂ ಏನೇ ಸಂಬಂಧ?"

"ದೇವಸ್ಥಾನದಲ್ಲಿ ಮಕ್ಕಳನ್ನ ಸಾಲಾಗಿ ಕೂರಿಸ್ತಾರಲ್ಲತ್ತೆ. ಕತ್ತಿ ತಾಗಿ ಇವಳಿಗೆ ರಕ್ತ ಬಂದ್ರೆ? ಆಮೇಲೆ ಆ ಬ್ಲೇಡ್ ಬಿಸಾಕಿ ಅಂದ್ರೆ ಯಾಕೆ ಅಂತ ಎಲ್ರೂ ಕೇಳ್ತಾರೆ. ಇವಳ ಹಿಂದೆ ಕೂತಿರೋದೂ ಯಾರದೋ ಕೂಸೇ ಅಲ್ವಾ? ರಿಪೋರ್ಟ್ ಬರ್ಲಿ ಅಂತ ಕಾದೆ."

ಇಷ್ಟು ದಿನ ನನ್ನ ಬೈಗುಳ ತಿಂದುಕೊಂಡು, ಮುಖವನ್ನೂ ನೋಡದ ಯಾರದೋ ಮಗುವನ್ನು ಕಾಯುತ್ತಿದ್ದಳು ಹುಡುಗಿ. ಅಂಥವಳು ನಮ್ಮ ಮನೆಗೆ ಬಂದದ್ದು ನನ್ನ ಪುಣ್ಯ. ಮಾತ್ರೆ ಕೊಟ್ಟು ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟ ಆಸ್ಪತ್ರೆಯವರ ಹೊಟ್ಟೆ ತಣ್ಣಗಿರಲಿ.

ಹತ್ತೊಂಬತ್ತನೇ ತಿಂಗಳಲ್ಲಿ ಜವಳವಾಯಿತು. ಸೋದರಮಾವ ಸುನಿಲ್‌ನ ತೊಡೆಯ ಮೇಲೆ ಕೂತ ಕೂಸು ದೇವಸ್ಥಾನವೇ ಹಾರಿಹೋಗುವಂತೆ ಅತ್ತಿತು. ಮನೆಗೆ ಬಂದ ಮೇಲೆ, ಎರಡು ವರ್ಷ ನನಗೆ ಕಾಣದಂತೆ ಇಂಪನಾ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದ ಮಾತ್ರೆಯ ಡಬ್ಬಿಯನ್ನು ತರಿಸಿ, ಅಡುಗೆಮನೆಯ ಗೂಡಿನಲ್ಲಿ ನನ್ನ ಬಿಪಿ ಮಾತ್ರೆಗಳ ಪಕ್ಕ ಇಟ್ಟೆ.

"ಇನ್ನು ಬಚ್ಚಿಡ್ಬೇಡ. ಊಟ ಆದ್ಮೇಲೆ ಇಬ್ರೂ ಒಟ್ಟಿಗೆ ತಗೊಳ್ಳೋಣ" ಎಂದೆ.

ಈಗ ನಾನು ಮಾತ್ರೆ ಮರೆತರೆ ಅವಳು ಬೈಯುತ್ತಾಳೆ.