ಕಿಟಕಿಯ ಸಂದಿಯಲ್ಲಿ ಅವ್ವನ ಸೀರೆ

ನನ್ನ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಎಂದೋ ಬಾಗಿಲಿಗೆ ಸಿಕ್ಕು ಜಜ್ಜಿ, ಮತ್ತೆ ದಪ್ಪವಾಗಿ, ಕುಡುಗೋಲಿನ ತುದಿಯಂತೆ ಬಾಗಿ ಬೆಳೆದಿತ್ತು. ಚಳಿಗಾಲ ಬಂತೆಂದರೆ ಆ ಉಗುರಿನಿಂದಲೇ ಆಕೆ ಕಿಟಕಿಯ ಸಂದಿಗಳಿಗೆ ಬಟ್ಟೆ ತುರುಕುತ್ತಿದ್ದಳು.

ಜುಗೂಳದಲ್ಲಿ ನಮ್ಮ ಮನೆ ಕೃಷ್ಣೆಗೆ ಹತ್ತಿರ. ಮಹಾಪೂರದ ನೀರು ಮನೆಯೊಳಗೆ ನಿಂತು ಹೋದ ಮೇಲೆ ಕಿಟಕಿಯ ಬಾಗಿಲುಗಳು ಉಬ್ಬಿ, ಒಣಗಿ, ಸೊಟ್ಟಗಾದವು. ಎಷ್ಟು ಒತ್ತಿದರೂ ಕೂಡುತ್ತಿರಲಿಲ್ಲ. ಅತ್ತೆ ಕೆನ್ನೆಗೆ ನೀರು ಸವರಿಕೊಂಡು ಚೌಕಟ್ಟಿನುದ್ದಕ್ಕೂ ಮುಖ ಹಿಡಿದು ನೋಡುತ್ತಿದ್ದಳು. ಎಲ್ಲಿ ಕೆನ್ನೆ ತಣ್ಣಗಾಯಿತೋ ಅಲ್ಲಿ ಬಟ್ಟೆ ತುರುಕಿ, ಮೇಲೆ ಹುಣಸೆಬೀಜದ ಅಂಟಿನಿಂದ ಕಾಗದ ಹಚ್ಚುತ್ತಿದ್ದಳು.

ಆ ವರ್ಷದ ಚಳಿಯಲ್ಲೇ ನಾನು ಹಡೆದೆ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ಆದರೆ ಅವ್ವ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ಕೂಸು ದಿನ ತುಂಬುವ ಮೊದಲೇ ಬಂದಿತ್ತು, ಅಂಗೈ ಅಗಲ.

"ಥಂಡಿ ಹತ್ತಿದರ ಉಳಿಯೂದಿಲ್ಲರಿ," ಎಂದು ನರ್ಸ್‌ಬಾಯಿ ಹೇಳಿ ಹೋದರು.

"ತಾಯಿನ್ನ ನುಂಗಿ ಬಂದಾಳ, ಈಗ ಕೂಸಿನ ಪಾಳಿ," ಎಂದಳು ಅತ್ತೆ, ನನಗೆ ಕೇಳುವಂತೆಯೇ.

ಮನೆಯ ಹಳೆ ಬಟ್ಟೆ, ಕೌದಿಗಳೆಲ್ಲ ನೀರಿನಲ್ಲಿ ಕೊಳೆತಿದ್ದವು. ಅಟ್ಟದ ಮೇಲಿದ್ದುದರಿಂದ ನನ್ನ ಟ್ರಂಕು ಉಳಿದಿತ್ತು. ಅದರಲ್ಲಿ ಅವ್ವನ ಹಸಿರು ನೂಲಿನ ಸೀರೆ. ಅವಳ ಮೈವಾಸನೆ ಹೋದೀತೆಂದು ನಾನು ಅದನ್ನು ತೊಳೆದಿರಲಿಲ್ಲ. ಅತ್ತೆ ನನ್ನೆದುರೇ ಅದರ ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು.

"ಅತ್ತಿ, ಕಾಲ ಬೀಳ್ತೀನ್ರಿ, ಅದೊಂದ ಬಿಡ್ರಿ. ನಮ್ಮವ್ವಂದೈತಿ."

"ಸತ್ತವರಿಗೆ ಥಂಡಿ ಹತ್ತೂದಿಲ್ಲ ಬೇ. ಸುಮ್ಮಕ ಬಿದ್ಕೊ. ಅತ್ತರ ಹಾಲ ಬತ್ತತಾವ."

ಕೂಸು ಉಳಿಯಿತು. ಆ ಸೀರೆಯನ್ನೂ ಆ ಮಾತನ್ನೂ ನಾನು ಮರೆಯಲಿಲ್ಲ, ಅತ್ತೆ ಮರೆಯಗೊಡಲೂ ಇಲ್ಲ. ಮೊಮ್ಮಗಳು ಅಂಗಳದಲ್ಲಿ ಓಡಿದಾಗಲೆಲ್ಲ, "ನೋಡ, ನಿಮ್ಮವ್ವನ ಸೀರಿ ಓಡಾಕತ್ತೈತಿ," ಎಂದು ನಗುತ್ತಿದ್ದಳು.

ಮಗಳು ಶಾಲೆಗೆ ಹೋಗುವಷ್ಟಾದಾಗ ಅತ್ತೆ ಅದೇ ಕೋಣೆಯಲ್ಲಿ ಹಾಸಿಗೆ ಹಿಡಿದಳು. ಸಂದಿಗಳನ್ನೆಲ್ಲ ನಾನೇ ಮುಚ್ಚಿದ್ದೆ. ಆದರೂ ಆಕೆಗೆ ಚಳಿ.

"ಗಾಳಿ ಬರಾಕತ್ತೈತಿ. ಒಂದ ಕಿಡಕಿ ಮುಚ್ಚೂದೂ ಕಲಸಲಿಲ್ಲೇನ ನಿಮ್ಮವ್ವ?"

ಅದೇ ಆಕೆ ನನಗೆ ಆಡಿದ ಕೊನೆಯ ಮಾತು. ನಾನು ಇನ್ನೊಂದು ಚಿಂದಿ ಹುಡುಕಿ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಮರುವರ್ಷದ ಚಳಿಗೆ ಮಗಳು ಕೆಮ್ಮತೊಡಗಿದಳು. ಅತ್ತೆಯ ಕೆಂಪು ಸೀರೆಯನ್ನು ತೆಗೆದು ಹಲ್ಲಿನಿಂದ ಕಚ್ಚಿ ಹರಿದೆ.

"ಯವ್ವಾ, ಅದು ಆಯಿ ಸೀರಿ! ಹರೀಬ್ಯಾಡ!" ಎಂದು ಮಗಳು ಅಳುತ್ತ ನನ್ನ ಕೈ ಹಿಡಿದಳು.

"ಸತ್ತವರಿಗೆ ಥಂಡಿ ಹತ್ತೂದಿಲ್ಲ," ಎಂದೆ.

ಸಂದಿಯಲ್ಲಿ ಅವ್ವನ ಹಸಿರು ಚಿಂದಿ ಇನ್ನೂ ಇತ್ತು. ಅದರ ಪಕ್ಕದಲ್ಲೇ ಕೆಂಪನ್ನು ತುರುಕಿದೆ. ಗಾಳಿ ಇನ್ನೂ ಬರುತ್ತದೆಯೇ ಎಂದು ನೋಡಲು ಕೆನ್ನೆಯನ್ನು ಚೌಕಟ್ಟಿಗೆ ಹಿಡಿದೆ. ನೀರು ಸವರಿಕೊಳ್ಳಬೇಕಾಗಲಿಲ್ಲ.