ಕಾಯಿಸಿ ಆರಿಸಿದ ನೀರು

"ವಾಸ್ನೆ ಹೊಡೀತಿತ್ತು ಕಣವ್ವ. ಚೆಲ್ಬುಟ್ಟು, ಕಾಯ್ಸಿ ಆರ್ಸಿದ ನೀರು ಹಾಕಿವ್ನಿ," ಎಂದರು, ಹೆತ್ತೂರಿನಿಂದ ಸಕಲೇಶಪುರಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರು. ಅವರ ಕೈಯಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಮೇಲೆ ಅವರ ಹೆಂಡತಿಯ ಹೆಸರು, ಒಳಗೆ ಆಕೆಯ ಎದೆಯ ಗಂಟಿನಿಂದ ಸೂಜಿ ಚುಚ್ಚಿ ತೆಗೆದ ಚೂರು. ಪರೀಕ್ಷೆಗೆಂದು ಹಾಸನದ ಲ್ಯಾಬಿಗೆ ಒಯ್ಯುತ್ತಿದ್ದರು.

ಕ್ಯಾನ್ಸರ್ ಜೀವಕೋಶಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು ನಾನು. ಅವರು ಚೆಲ್ಲಿದ್ದು ಆಸ್ಪತ್ರೆಯವರು ತುಂಬಿದ್ದ ಫಾರ್ಮಲಿನ್ ದ್ರಾವಣ. ಅದಿಲ್ಲದಿದ್ದರೆ ಚೂರು ಕೊಳೆಯುತ್ತದೆ. ಯಾವಾಗ ಚೆಲ್ಲಿದಿರಿ ಎಂದು ಕೇಳಿದೆ. ನಿನ್ನೆ ಸಂಜೆಯಂತೆ. ಲ್ಯಾಬಿನ ತಟ್ಟೆಯಲ್ಲಿ ನಾನು ಬೆಳೆಸಿದ ಜೀವಕೋಶ ಕೆಟ್ಟರೆ ಅದನ್ನು ಎಸೆದು ಬೇರೆ ಬೆಳೆಸುತ್ತೇನೆ. ಇದು ಕೆಟ್ಟಿದ್ದರೆ ಆ ತಾಯಿಗೆ ಮತ್ತೆ ಸೂಜಿ, ಮತ್ತೆ ಕಾಯುವ ಸಂಕಟ.

ಸಕಲೇಶಪುರದಲ್ಲಿ ಇಳಿದವಳೇ ಅವರನ್ನು ಹತ್ತಿರದ ಲ್ಯಾಬೊಂದಕ್ಕೆ ಅವಸರದಿಂದ ಕರೆದುಕೊಂಡು ಹೋದೆ. ಅಲ್ಲಿಯವರು ನೀರು ಬಸಿದು ಫಾರ್ಮಲಿನ್ ತುಂಬಿಕೊಟ್ಟರು. ಚೂರು ಕೆಡದೆ ಉಳಿದಿದೆಯೋ ಇಲ್ಲವೋ, ಅವರಿಗೂ ಗೊತ್ತಿರಲಿಲ್ಲ.

ಹಾಸನದ ಬಸ್ಸು ಹತ್ತುವಾಗ ಹಿರಿಯರು ತಿರುಗಿ ನೋಡಿದರು. "ನನ್ನಿಂದ ಕೆಟ್ಟೋಯ್ತೇನವ್ವ?"

"ಇಲ್ಲ, ಏನೂ ಆಗಿಲ್ಲ," ಅಂದೆ.

ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಬಾರದೆಂದೇ ಮೂರು ವರ್ಷದಿಂದ ಕಲಿಯುತ್ತಿದ್ದೇನೆ. ನಿಜ ಅವರ ಜೇಬಿನಲ್ಲೇ ಇತ್ತು, ಚೂರು ರಾತ್ರಿಯಿಡೀ ನೀರಿನಲ್ಲಿತ್ತು, ಕೆಟ್ಟಿರಬಹುದು ಎಂದು ಹಾಸನದ ಲ್ಯಾಬಿನವರಿಗೆ ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿಯಲ್ಲಿ.